ಅವ್ವ ತೊಳೆದಿಟ್ಟ ವಾಲ್ವುಗಳು

ಸುಮ್ಮನೆ ಕುಳಿತುಕೊಳ್ಳುವುದೂ ಒಂದು ವಿದ್ಯೆ. ನಮ್ಮ ಅಪ್ಪನಿಗೆ ಅದು ಸಿದ್ಧಿಸಿದೆ. ತಹಸೀಲು ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಬೆಳಿಗ್ಗೆ ಪತ್ರಿಕೆ ಹಿಡಿದು ಕಟ್ಟೆಯ ಮೇಲೆ ಕುಳಿತರೆಂದರೆ, ಸೇಡಮ್ಮಿನಿಂದ ಗುಲಬರ್ಗಾಕ್ಕೆ ಹೋದ ಬಸ್ಸು ತಿರುಗಿ ಬರುವ ತನಕ ಅವರ ಕಾಲಿನ ಹೆಬ್ಬೆರಳು ಕೂಡ ಅಲುಗುವುದಿಲ್ಲ. ನನಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ನನ್ನ ಹೆಸರು ಶಾಂತಾ. ಮಾತು ಕಡಿಮೆ ಆಡುವುದರಿಂದ ಊರಿನವರು ನನ್ನನ್ನು ಹೆಸರಿಗೆ ತಕ್ಕ ಹುಡುಗಿ ಎಂದುಕೊಂಡಿದ್ದಾರೆ. ನಾನೂ ಅವರನ್ನು ತಿದ್ದಲು ಹೋಗಿಲ್ಲ. ಒಳಗಿನ ಸಂಗತಿ ಬೇರೆ. ಬಿಗಿಯಾಗಿ ಕೂತಿರುವ ಒಂದು ಸ್ಕ್ರೂ ಕಣ್ಣಿಗೆ ಬಿದ್ದರೆ ಸಾಕು, ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ತಾವೇ ಎಡಕ್ಕೆ ತಿರುಗಲು ಶುರುವಾಗುತ್ತವೆ. ಎದುರಿಗೆ ಕುಳಿತವರು ಮದುವೆಯ ಮಾತು ಆಡುತ್ತಿರಲಿ, ಸಾವಿನ ಮಾತು ಆಡುತ್ತಿರಲಿ, ನನ್ನ ಲಕ್ಷ್ಯವೆಲ್ಲ ಅವರ ಕುರ್ಚಿಯ ಕಾಲಿಗೆ ಹಾಕಿದ ಸ್ಕ್ರೂವಿನ ಮೇಲೆ.

ಒಂಬತ್ತು ವರ್ಷದವಳಿದ್ದಾಗ ಅವ್ವನ ಹೊಲಿಗೆ ಯಂತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಕೂಡಿಸಿದ್ದೆ. ಕೂಡಿಸಿದ ಮೇಲೆ ಅದು ಹೊಲಿಯುತ್ತಿತ್ತು. ಹೊಲಿದದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಅಪ್ಪ ಆ ವಾರ ಕಚೇರಿಗೆ ಹಾಕಿಕೊಂಡು ಹೋದ ಹೊಸ ಅಂಗಿಯ ತೋಳು ಸಾಹೇಬರಿಗೆ ಕಾಗದ ಕೊಡಲು ಕೈ ಚಾಚಿದಾಗ ಭುಜದಿಂದ ಜಾರಿ ಮುಂಗೈಗೆ ಬಂತಂತೆ. ರಿಪೇರಿಯವನು ಬಂದು ಸರಿಮಾಡಿ ಹೋದ ಮೇಲೆ, ಅವ್ವ ಹೊಲಿಯುವ ಹೊತ್ತು ಬಿಟ್ಟರೆ, ಆ ಯಂತ್ರದ ಮರದ ಮುಚ್ಚಳಕ್ಕೆ ಬೀಗ ಬಿತ್ತು. ಬೀಗದ ಕೈ ಅವ್ವನ ಸೊಂಟದ ಗೊಂಚಲು ಸೇರಿತು. ನಾನು ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ತಿರುಗಿ ಬಂದು ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದರೂ ಆ ಬೀಗ ಹಾಗೇ ಇತ್ತು. ವಿಶ್ವವಿದ್ಯಾಲಯದ ಪದವಿಗೆ ಅವ್ವನ ಬೀಗ ತೆರೆಯುವ ಶಕ್ತಿ ಇರಲಿಲ್ಲ.

ಹೊಲಿಗೆ ಯಂತ್ರ ಕೈ ತಪ್ಪಿದ ಮೇಲೆ ನನ್ನ ಕಣ್ಣು ಬಿದ್ದದ್ದು ಅಂಗಳದ ಮೋಟಾರಿನ ಮೇಲೆ. ಅದು ಅಜ್ಜನದು. ಅಜ್ಜ ಚಿಂಚೋಳಿಯಲ್ಲಿ ವಕೀಲರಾಗಿದ್ದರು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಯಾರೋ ಕಕ್ಷಿದಾರ ಒಂದು ದಾವೆ ಗೆದ್ದ ಸಂತೋಷಕ್ಕೆ ತನ್ನ ಹಳೆಯ ವಿಲಾಯತಿ ಗಾಡಿಯನ್ನು ಅವರಿಗೆ ಕೊಟ್ಟನೆಂದು ಹೇಳುತ್ತಾರೆ. ಮುಂದಿನ ಹಿತ್ತಾಳೆಯ ಹೆಸರುಪಟ್ಟಿ ಎಂದೋ ಬಿದ್ದುಹೋಗಿದ್ದರಿಂದ ಅದರ ಹೆಸರೇನು, ಜಾತಿಯೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಮೇಲೆ ಮುಚ್ಚಲು ಬಟ್ಟೆಯ ಟಪ್ಪು, ಕಪ್ಪೆಗಣ್ಣಿನಂಥ ಎರಡು ದೀಪ, ಬಾಗಿಲ ಕೆಳಗೆ ಕಾಲಿಡಲು ಹಲಗೆ. ಅಜ್ಜ ಕೊನೆಯ ಸಲ ಅದನ್ನು ಸೇಡಮ್ಮಿಗೆ ಓಡಿಸಿಕೊಂಡು ಬಂದು, ಮೂತಿ ಗೋಡೆಗೆ ಮಾಡಿ ನಿಲ್ಲಿಸಿ, ಕೆಳಗಿಳಿದು, "ಇನ್ನ ಇದಕ್ಕ ಸಾಕು, ನನಗೂ ಸಾಕು" ಅಂದರಂತೆ. ಅದಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಓಡದಿದ್ದರೂ ಗಾಡಿ ಬೇಕಾರ ಕುಳಿತಿರಲಿಲ್ಲ. ಬೇಸಿಗೆಯಲ್ಲಿ ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಟಪ್ಪಿನ ಕೋಲುಗಳಿಗೆ ಅವ್ವ ಶಾವಿಗೆ ಹಾಕುತ್ತಿದ್ದಳು. ಹಿಂದಿನ ಸೀಟಿನಲ್ಲಿ ತಲೆತಲಾಂತರದಿಂದ ಒಂದೇ ಬೆಕ್ಕಿನ ವಂಶ ಬಾಣಂತನ ಮಾಡಿಸಿಕೊಳ್ಳುತ್ತಿತ್ತು. ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಕುಡಗೋಲು, ಕೊಡಲಿ, ಈಳಿಗೆಗಳ ಜತೆ ಅದಕ್ಕೂ ವಿಭೂತಿ ಬೀಳುತ್ತಿತ್ತು.

ಆ ವರ್ಷ ಯುಗಾದಿ ಮುಗಿದ ಮೇಲೆ ಶಹಾಬಾದಿನಿಂದ ಒಂದು ಲಾರಿ ಬಂದು ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಗೇಟಿನ ಬದಿಗೆ ಒರಗಿಸಿ ಹೋಯಿತು. ನಾನು ಕಾಲೇಜಿನಿಂದ ಬಂದಾಗ ಅಪ್ಪ ಕಟ್ಟೆಯ ಮೇಲಿಂದ ಎದ್ದು ನಿಂತಿದ್ದರು. ಅವರು ಎದ್ದು ನಿಂತದ್ದೇ ಸುದ್ದಿಯ ತೂಕ ತಿಳಿಸುತ್ತಿತ್ತು.

"ನಿನಗ ಒಂದು ಓದೂ ಖೋಲಿ ಕಟ್ಟಿಸ್ತೀನಿ ಶಾಂತಾ. ಗಾಡಿ ನಿಂತದ್ದಲ್ಲಾ, ಅಲ್ಲೇ. ಮಧ್ಯಾಹ್ನದ ಮ್ಯಾಲೆ ಗೋಡಿ ನೆಳ್ಳಿನ ತಣ್ಣಗಿನ ಜಾಗಾ. ಮುಂದ ಪಿಎಚ್.ಡಿ. ಮಾಡಾಕಿ ನೀ, ಅಡಿಗಿ ಮನಿ ಬಾಜೂಕ ಕುಂತು ಓದಿದ್ರ ಹೆಂಗ?"

"ಗಾಡಿ?" ಎಂದೆ.

"ಗುಜರಿಯವನಿಗೆ ಹೇಳೀನಿ. ಒಯ್ತಾನ."

ಇಂಥ ಪ್ರೀತಿಗೆ ಎದುರಾಡುವುದು ಹೇಗೆ? ನನ್ನ ಸಲುವಾಗಿ, ನನ್ನ ಓದಿನ ಸಲುವಾಗಿ, ತಣ್ಣಗಿನ ಜಾಗ ಹುಡುಕಿದ ತಂದೆ. ಆದರೆ ನನಗೆ ಬೇಕಾಗಿದ್ದದ್ದು ಆ ತಣ್ಣಗಿನ ಜಾಗದಲ್ಲಿ ನಿಂತಿದ್ದ ಬಿಸಿಯಾಗಬೇಕಾದ ಇಂಜಿನ್ನು. ಎರಡು ವರ್ಷದಿಂದ ನಾನು ಗುಟ್ಟಾಗಿ ಮೋಟಾರು ದುರಸ್ತಿಯ ಒಂದು ಹಳೆಯ ಇಂಗ್ಲಿಷ್ ಪುಸ್ತಕವನ್ನು ರಸಾಯನಶಾಸ್ತ್ರದ ಪುಸ್ತಕದ ರಟ್ಟಿನೊಳಗಿಟ್ಟು ಓದುತ್ತಿದ್ದೆ. ಬಾನೆಟ್ಟನ್ನು ಎಷ್ಟು ಸಲ ಎತ್ತಿ ನೋಡಿದ್ದೆನೋ. ಅದನ್ನು ಯಾರ ಮುಂದೂ ಹೇಳಿರಲಿಲ್ಲ. ಹೇಳುವ ಅಭ್ಯಾಸ ನನಗಿಲ್ಲ. ಅವತ್ತು ಮಾತ್ರ ಬಾಯಿಂದ ಬಂದುಬಿಟ್ಟಿತು: "ಗಾಡಿ ನಡದ್ರ?"

ಅಪ್ಪ ನಕ್ಕರು. "ಅದು ನಡದ್ರ ಗೋಡಿನೂ ನಡೀತದ."

ಒಳಗಿನಿಂದ ಅವ್ವನ ದನಿ ಬಂತು. ತೊಗರಿಬೇಳೆ ಹಸನು ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹಂಗ್ಯಾಕ ಅಂತೀರಿ? ದಸರಾ ತನಕ ಬಿಡ್ರಿ. ಸಂಜೀಕ ಬನ್ನಿ ಮುಡಿಲಿಕ್ಕೆ ಎಲ್ಲಾರೂ ಊರ ಸೀಮಿ ದಾಟ್ತಾರ. ಅದು ತನ್ನ ಕಾಲಲೆ ಗೇಟ್ ದಾಟಿದ್ರ ಇರಲಿ. ಇಲ್ಲಂದ್ರ ಮರುದಿನ ಗುಜರಿಗೆ ಹೋಗಲಿ." ಅವ್ವನಿಗೆ ಗಾಡಿಯ ಮೇಲೆ ಪ್ರೀತಿ ಇತ್ತೆಂದಲ್ಲ. ಮೆಣಸಿನಕಾಯಿ ಒಣಗಿಸಲು ಊರಿನಲ್ಲಿ ಅಷ್ಟು ಬೇಗ ಕಾಯುವ ತಗಡು ಇನ್ನೊಂದಿರಲಿಲ್ಲ.

ಹೀಗೆ ನನಗೆ ಆರು ತಿಂಗಳ ಗಡುವು ಸಿಕ್ಕಿತು. ಗುರುವನ್ನು ಹುಡುಕಿಕೊಂಡು ವಾಡಿಗೆ ಹೋದೆ. ಸ್ಟೇಷನ್ನಿನ ಹಿಂದೆ ಕಲ್ಲು ಸಾಗಿಸುವ ಲಾರಿಗಳನ್ನು ದುರಸ್ತಿ ಮಾಡುವ ಕರೀಂ ಉಸ್ತಾದರಿದ್ದರು. ನಟ್ಟು ಬಿಗಿಯುವ ಪಾನಾ ಹಿಡಿದು ಹಿಡಿದು ಅವರ ಕೈಯೇ ಪಾನಾದ ಆಕಾರಕ್ಕೆ ಬಂದಿತ್ತು. ಭಾನುವಾರದ ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಇಸ್ತ್ರಿ ಮಾಡಿದ ಸೀರೆಯಲ್ಲಿ ಅವರ ಮುಂದೆ ನಿಂತು ವಿಷಯ ಹೇಳಿದೆ. ಅವರು ಲಾರಿಯ ಕೆಳಗಿನಿಂದ ಪೂರ್ತಿ ಹೊರಗೆ ಬರಲಿಲ್ಲ. ತಲೆ ಮಾತ್ರ ಬಂತು.

"ಯಾರ ಗಾಡಿ, ಬಾಯಾರ?"

"ನಮ್ಮದೇ."

"ರಿಪೇರಿ ಯಾರು ಮಾಡೋರು?"

"ನಾನೇ. ನೀವು ತೋರಿಸಿದರೆ."

ತಲೆ ಮತ್ತೆ ಲಾರಿಯ ಕೆಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಕೈಯೊಂದು ಹೊರಗೆ ಬಂದು, ನಟ್ಟು ಬೋಲ್ಟು ತುಂಬಿದ ಡಬ್ಬಿಯನ್ನು ನನ್ನ ಕಡೆ ತಳ್ಳಿತು. "ಮೊದಲ ಇವು ತೊಳೀರಿ. ತೊಳಿಯೋದು ಬರಲಾರದವಂಗ ಬಿಚ್ಚೋ ಹಕ್ಕಿಲ್ಲ."

ಮೂರು ಭಾನುವಾರ ನಾನು ಸೀಮೆಎಣ್ಣೆಯಲ್ಲಿ ನಟ್ಟು ತೊಳೆದೆ. ನಾಲ್ಕನೆಯ ಭಾನುವಾರ ಉಸ್ತಾದರು ಒಂದು ನಟ್ಟನ್ನು ಬಿಸಿಲಿಗೆ ಹಿಡಿದು ನೋಡಿ, "ಹ್ಞೂಂ, ನಡೀರಿ ಸೇಡಂಗೆ" ಅಂದರು. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಅವರೇ ಬರತೊಡಗಿದರು. ಬಂದು ಅವ್ವ ಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು, ಕೆಲಸ ತೋರಿಸಿ ಹೋಗುತ್ತಿದ್ದರು. ಇಪ್ಪತ್ತು ವರ್ಷ ನಿಂತು ಬಿಗಿದುಕೊಂಡಿದ್ದ ಇಂಜಿನ್ನಿಗೆ ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಹೊಯ್ದು ಹದಿನೈದು ದಿನ ಬಿಟ್ಟರು. "ತಸಲ್ಲಿ ಇರ್ಲಿ ಬಾಯಾರ. ಜ್ವರ ಬಂದವರಿಗೂ ಹರಳೆಣ್ಣಿ ಕೊಟ್ಟು ಕಾಯಬೇಕು, ಇದಕ್ಕೂ ಕಾಯಬೇಕು." ಕಾಯುವುದು! ಆ ಹದಿನೈದು ದಿನ ನಾನು ಕಾಲೇಜಿನ ಪ್ರಯೋಗಶಾಲೆಯ ಬ್ಯೂರೆಟ್ಟುಗಳ ನಲ್ಲಿಗಳನ್ನೆಲ್ಲ ಬಿಚ್ಚಿ ಗ್ರೀಸು ಹಚ್ಚಿದೆ. ಒಂದೂ ಸೋರುತ್ತಿರಲಿಲ್ಲ, ಬಿಚ್ಚಿದ ಮೇಲೆ ಎರಡು ಸೋರತೊಡಗಿದವು.

ನಡುವೆ ಉಗುರಿನ ತೊಂದರೆ ಬಂತು. ಗ್ರೀಸಿನ ಕಪ್ಪು ಉಗುರಿನ ಸಂದಿಗೆ ಹೊಕ್ಕರೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ಎಪ್ಪತ್ತು ಜೋಡಿ ಕಣ್ಣು ನನ್ನ ಬೆರಳಿನ ತುದಿಯಲ್ಲಿರುತ್ತವೆ. ಇದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ಬೆರಳ ತುದಿಗಳಿಗೆಲ್ಲ ಗಾಢವಾಗಿ ಮೆಹಂದಿ ಹಚ್ಚಿಕೊಂಡೆ. ಕಪ್ಪು ಕೆಂಪಿನಲ್ಲಿ ಮುಚ್ಚಿಹೋಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಕಾಲೇಜಿಗೆ ಹೋದರೆ, ಪ್ರಿನ್ಸಿಪಾಲರು ಕರೆದು ಕುಂದ್ರಿಸಿ, "ಸಂತೋಷ ಆಯ್ತಮ್ಮ. ರಜಾ ಅರ್ಜಿ ಮಾತ್ರ ಮುಂಚೆಯೇ ಕೊಡಿ, ನಿಮ್ಮ ತರಗತಿಗೆ ಬೇರೆ ಏರ್ಪಾಡು ಆಗಬೇಕು" ಎಂದರು. ಯಾಕೆ ಸಂತೋಷ, ಯಾವ ರಜೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮುಂದೆ ನಾಲ್ಕು ತಿಂಗಳು ಮೆಹಂದಿ ಇಳಿಯದೆ, ಮದುವೆಯೂ ಆಗದೆ ಇದ್ದದ್ದನ್ನು ಕಂಡು ಸಹೋದ್ಯೋಗಿಗಳು ನನ್ನನ್ನು ಬಹಳ ಮರುಕದಿಂದ ಮಾತನಾಡಿಸತೊಡಗಿದರು. ವರನ ಕಡೆಯವರು ತುಂಬ ಕಾಡಿಸುತ್ತಿದ್ದಾರೆಂದು ಅವರ ಊಹೆ. ಗೋಡೆಗೆ ಮೂತಿ ಮಾಡಿಕೊಂಡು ನಿಂತ ವರ ಎಂದು ಅವರಿಗೆ ಹೇಗೆ ಹೇಳಲಿ?

ಬಿಚ್ಚುವ ಕೆಲಸವನ್ನು ನಾನು ಎಷ್ಟು ಶಿಸ್ತಿನಿಂದ ಮಾಡಿದೆನೆಂದರೆ ಅದನ್ನು ಇಲ್ಲಿ ಹೇಳಿಕೊಳ್ಳದೆ ಇರಲಾರೆ. ಹೊಲಿಗೆ ಯಂತ್ರದ ಪಾಠ ಮರೆತಿರಲಿಲ್ಲ. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ದಾರದಲ್ಲಿ ಕಾಗದದ ಚೀಟಿ ಕಟ್ಟಿ, ಅಂಕಿ ಬರೆದು, ಅದೇ ಅಂಕಿಗೆ ನೋಟುಬುಕ್ಕಿನಲ್ಲಿ ಚಿತ್ರ ಬಿಡಿಸಿದೆ. ಅಂಗಳದಲ್ಲಿ ಹಾಸಿದ ಗೋಣಿಚೀಲಗಳ ಮೇಲೆ ಇಡೀ ಗಾಡಿ ಚೀಟಿ ಕಟ್ಟಿಸಿಕೊಂಡು ಸಾಲಾಗಿ ಮಲಗಿತ್ತು. ಎಲ್ಲಕ್ಕಿಂತ ಮುಖ್ಯವಾದವು ಎಂಟು ವಾಲ್ವುಗಳು. ವಾಲ್ವೆಂದರೆ ಉದ್ದ ಕಾಲಿನ ಉಕ್ಕಿನ ಅಣಬೆ. ಇಂಜಿನ್ನಿನೊಳಗೆ ಒಂದೊಂದು ತೂತಿಗೆ ಒಂದೊಂದು ಅಣಬೆ ಮುಚ್ಚಳವಾಗಿ ಕೂರುತ್ತದೆ. ಕೂದಲೆಳೆಯಷ್ಟು ಸಂದಿ ಉಳಿದರೂ ಒಳಗಿನ ಒತ್ತಡ ಸೋರಿಹೋಗಿ ಗಾಡಿಗೆ ಜೀವ ಬರುವುದಿಲ್ಲ. ಅದಕ್ಕೆ ಪ್ರತಿ ವಾಲ್ವನ್ನೂ ಅದರ ತೂತಿನಲ್ಲಿಟ್ಟು, ಮರಳಿನಂಥ ಮುಲಾಮು ಸವರಿ, ರಬ್ಬರಿನ ಬಟ್ಟಲು ಕಚ್ಚಿಸಿದ ಕೋಲನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತ ಅರೆಯಬೇಕು. ಅರೆದ ಮೇಲೆ ಆ ವಾಲ್ವು ಆ ತೂತಿಗೇ ಸೈ. ಪಕ್ಕದ ತೂತಿಗೆ ಹೊಂದುವುದಿಲ್ಲ. ನೋಡಲು ಮಾತ್ರ ಎಂಟೂ ಒಂದೇ. ಎರಡು ತಿಂಗಳು, ಕಾಲೇಜಿನಿಂದ ಬಂದ ಕೂಡಲೇ, ನಾನು ವಾಲ್ವು ಅರೆದೆ. ಸುಮ್ಮನೆ ಕೂರಲಾರದ ನನ್ನ ಕೈಗಳು ಜನ್ಮದಲ್ಲಿ ಮೊದಲ ಸಲ ಸುಸ್ತಾದವು. ಅವ್ವ ಎದುರಿಗೆ ಕುಳಿತು ಕಾಳು ಆರಿಸುತ್ತ, "ಇಷ್ಟು ಮಜ್ಜಿಗಿ ಕಡದಿದ್ರ ಊರಿಗೆ ಬೆಣ್ಣಿ ಹಂಚಬಹುದಿತ್ತು" ಎನ್ನುತ್ತಿದ್ದಳು.

ಮಹಾನವಮಿ ಬಂತು. ದಸರೆಗೆ ಒಂದೇ ದಿನ. ಪೂಜೆ ಎಂದಿನಂತೆ ಬಾನೆಟ್ಟಿಗೆ ಮಾತ್ರ ಎಂದುಕೊಂಡು ಲೆಕ್ಕ ಹಾಕಿದ್ದೆ: ಅವತ್ತು ಮಧ್ಯಾಹ್ನ ವಾಲ್ವು ಕೂಡಿಸುವುದು, ಮರುದಿನ ಉಸ್ತಾದರು ಬಂದ ಮೇಲೆ ಉಳಿದದ್ದು. ಬೆಳಿಗ್ಗೆ ಕಾಲೇಜಿನ ಪ್ರಯೋಗಶಾಲೆಯ ಪೂಜೆಗೆ ಹೋಗಿ, ಪ್ರಸಾದದ ಪೊಟ್ಟಣ ಹಿಡಿದು ಅವಸರದಲ್ಲಿ ಮನೆಗೆ ಬಂದರೆ, ಅಂಗಳದ ಗೋಣಿಚೀಲಗಳು ಖಾಲಿ!

ಗಾಡಿ ಪಡಸಾಲೆಯಲ್ಲಿತ್ತು. ಅಂದರೆ, ನಾನು ಬಿಚ್ಚಿಟ್ಟ ಗಾಡಿ. ಅವ್ವ ಒಂದೊಂದು ಭಾಗವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದಿದ್ದಳು. ಕಾರ್ಬುರೇಟರಿನ ಹಿತ್ತಾಳೆ ದೇವರ ಗಂಟೆಯ ಹಾಗೆ ಹೊಳೆಯುತ್ತಿತ್ತು. ಕಂಬಳಿ ಹಾಸಿ, ಕುಡಗೋಲು ಕೊಡಲಿಗಳ ನಡುವೆ ಎಲ್ಲವನ್ನೂ ಜೋಡಿಸಿ, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದಳು. ಎಂಟು ವಾಲ್ವುಗಳು ನಡುವೆ ದುಂಡಗೆ ನಿಂತಿದ್ದವು. ನನ್ನ ಒಂದು ಚೀಟಿಯೂ ಎಲ್ಲಿಯೂ ಇರಲಿಲ್ಲ. ಹಿತ್ತಲ ಬಚ್ಚಲ ಕಲ್ಲಿನ ಮೇಲೆ ನೀಲಿ ಶಾಯಿ ಹರಿದ ಕಾಗದದ ಮುದ್ದೆ ಬಿದ್ದಿತ್ತು.

"ವರ್ಷಾ ಬರೇ ಬಾನೆಟ್ಟಿಗೆ ಹಚ್ಚತಿದ್ದೆ. ಈ ವರ್ಷ ಒಳಗಿಂದೂ ಹೊರಗ ಬಂದದಲ್ಲಾ, ಅದಕ್ಕೂ ಪೂಜಿ ಆಗಲಿ ಅಂತ," ಎಂದಳು ಅವ್ವ, ಬಲು ಸಮಾಧಾನದಿಂದ.

ನಾನು ವಾಲ್ವಿಗೆ ಕೈ ಚಾಚಿದೆ.

"ಏ, ಏ! ಮುಟ್ಟಬ್ಯಾಡ. ಖಂಡೇಕ್ಕ ಕೂಡಿಸೀನಿ. ನಾಳಿ ಮುಂಜಾನಿ ಮಂಗಳಾರತಿ ಆದ ಮ್ಯಾಲೆ ಎತ್ತೂದು."

ನಮ್ಮಲ್ಲಿ ಇದು ಕಟ್ಟುನಿಟ್ಟು. ಖಂಡೆ ಪೂಜೆಗೆ ಕೂಡಿಸಿದ ಆಯುಧವನ್ನು ಮರುದಿನದ ತನಕ ರಾಜನೂ ಮುಟ್ಟುವಂತಿಲ್ಲ. ಅವತ್ತು ನಮ್ಮ ಮನೆಯಲ್ಲಿ ಈಳಿಗೆ ಕೂಡ ಪೂಜೆಯಲ್ಲಿರುವುದರಿಂದ ಹೆಚ್ಚುವ ಪಲ್ಯವೇ ಇಲ್ಲ. ನನಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತದೆ. ಏನನ್ನೂ ಕೇಳಲಿಲ್ಲ, ಹೇಳಲಿಲ್ಲ. ಮಾಳಿಗೆ ಹತ್ತಿ ಕುಳಿತೆ. ಕುಳಿತೆ ಎಂದು ಬರೆಯುವುದು ಸುಳ್ಳು. ಮಾಳಿಗೆಯ ಈ ಮೂಲೆಯಿಂದ ಆ ಮೂಲೆಗೆ ನಡೆದೆ. ನೋಟುಬುಕ್ಕು ತೆರೆದೆ, ಅಂಕಿಗಳೆಲ್ಲ ಇದ್ದವು, ಅಂಕಿ ಹೊತ್ತ ಚೀಟಿಗಳಿರಲಿಲ್ಲ. ಮಿಕ್ಕ ಭಾಗಗಳನ್ನು ಚಿತ್ರ ನೋಡಿ ಗುರುತಿಸಬಹುದಿತ್ತು. ಆದರೆ ಎಂಟು ವಾಲ್ವಿಗೆ ನಾನು ಬಿಡಿಸಿದ್ದು ಒಂದೇ ಚಿತ್ರ. ಎಂಟು ವಾಲ್ವು, ಎಂಟು ತೂತು. ಎಷ್ಟು ರೀತಿಯಲ್ಲಿ ಕೂಡಿಸಬಹುದೆಂದು ಗುಣಿಸುತ್ತ ಹೋದೆ: ನಲವತ್ತು ಸಾವಿರದ ಮುನ್ನೂರ ಇಪ್ಪತ್ತು. ಅದರಲ್ಲಿ ಸರಿಯಾದದ್ದು ಒಂದು. ಗಣಿತ ಗೊತ್ತಿರುವುದರಿಂದ ದುಃಖ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೆಳಗೆ ಬಂದೆ. ಪಡಸಾಲೆಯ ಬಾಗಿಲಲ್ಲಿ ನಿಂತೆ. ಮತ್ತೆ ಮೇಲೆ ಹೋದೆ. ಹೋಳಿಗೆ ಉಣ್ಣಲು ಕರೆದರು. ಉಂಡೆ, ರುಚಿ ನೆನಪಿಲ್ಲ. ಊರಿನಲ್ಲಿ ಒಂದು ಪಾನಾ ತಿರುಗದ, ಒಂದು ಸೈಕಲ್ಲಿನ ಸರಪಳಿ ಅಲುಗದ ಆ ದಿನ ಎಷ್ಟು ಉದ್ದವಾಗಿತ್ತೆಂದರೆ, ಕಟ್ಟೆಯ ಮೇಲೆ ಅಲುಗದೆ ಕುಳಿತ ಅಪ್ಪ ಒಬ್ಬರೇ ಅದಕ್ಕೆ ತಕ್ಕ ಮನುಷ್ಯರಾಗಿ ಕಂಡರು. "ಯಾಕ, ಹುಟ್ಟಿದ ಕರುವಿನಂಗ ಅಡ್ಡಾಡಾಕತ್ತಿ?" ಎಂದು ಮಾತ್ರ ಕೇಳಿದರು.

ದಸರೆಯ ಬೆಳಿಗ್ಗೆ ಮಂಗಳಾರತಿಯ ಕರ್ಪೂರ ಆರುವ ಮೊದಲೇ ನಾನು ಎಂಟೂ ವಾಲ್ವುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಳಕ್ಕೆ ಓಡಿದೆ. ವಾಲ್ವಿನ ಮುಖದ ಮೇಲೆ ಕುಂಕುಮದ ಕಣ ಇರಬಾರದು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಒಂದೊಂದನ್ನೂ ಚೊಕ್ಕಟವಾಗಿ ಒರೆಸಿ ಸಾಲಾಗಿಟ್ಟೆ. ಇಂಥ ಕೆಲಸದಲ್ಲಿ ನನ್ನಷ್ಟು ಶುದ್ಧ ಯಾರೂ ಇಲ್ಲ. ಕೊನೆಯದನ್ನು ಒರೆಸುವಾಗ ಅವ್ವ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ನೋಡಿದವಳೇ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು.

"ಯವ್ವಾ, ಒರಿಸಿಬಿಟ್ಟ್ಯಾ?"

"ಒರೆಸಬೇಕಲ್ಲ."

"ನಂಬರ್ ಇದ್ವಲ್ಲ ಅದರ ಮ್ಯಾಲೆ!"

"ಯಾವ ನಂಬರು?"

"ನಿನ್ನ ಚೀಟಿ ನೀರಿನ್ಯಾಗ ಕರಗಿದ್ವು. ಅದಕ್ಕ ನಾ ಸಾಲಿನ ಪ್ರಕಾರ ಒಂದೊಂದ ತೊಳದು, ಮೊದಲನೇದಕ್ಕ ಒಂದು ಬಟ್ಟು ಕುಂಕುಮ, ಎರಡನೇದಕ್ಕ ಎರಡು, ಹಂಗ ಎಂಟರ ತನಕ ಹಚ್ಚಿದ್ದೆ. ಕಣ್ಣಿಗೆ ಕಾಣಲಿಲ್ಲೇನು?"

ಕಂಡಿತ್ತು. ಕುಂಕುಮ ಕಂಡಿತ್ತು. ಪೂಜೆ ಎಂದುಕೊಂಡಿದ್ದೆ. "ನಿನ್ನೆ ಹೇಳಬಾರದಿತ್ತೇನವ್ವ?" ಎಂದೆ.

"ನೀ ಕೇಳಿದಿ ಏನು? ಮಾರಿ ಉಬ್ಬಿಸಿಕೊಂಡು ಮಾಳಿಗಿ ಹತ್ತಿದಿ. ಸಾಲಿ ಕಲ್ತಾಕಿ, ಗೊತ್ತಿರತದ ಅಂತ ನಾ ಸುಮ್ಮ ಕುಂತೆ."

ಅಷ್ಟರಲ್ಲಿ ಉಸ್ತಾದರು ಬಂದರು. ವಿಷಯ ಕೇಳಿ ಒಂದು ವಾಲ್ವನ್ನು ಎತ್ತಿ ನೋಡಿ, ಕೆಳಗಿಟ್ಟು, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಬಾಯಾರ, ಮತ್ತ ಅರಿಬೇಕು. ಎರಡು ತಿಂಗಳ ಕೆಲಸ ಒಂದು ದಿನದಾಗ ಆಗಂಗಿಲ್ಲ." ಕಟ್ಟೆಯ ಮೇಲಿಂದ ಅಪ್ಪ ಪತ್ರಿಕೆ ಮಡಚಿದ ಸದ್ದಾಯಿತು. ಅವರು ಫರಸಿ ಕಲ್ಲುಗಳ ಕಡೆ ಒಮ್ಮೆ ನೋಡಿದರು.

ಅವ್ವ ಮಾತ್ರ ಗೋಣಿಚೀಲದ ಮೇಲೆ ಕುಳಿತಳು. ಅವಳ ತವರು ಐನಾಪುರ. ಅಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ನೀರಿನ ತಂಬಿಗೆಗಳನ್ನು ಇಡೀ ಓಣಿಯಿಂದ ಎರವು ತರುವುದು ಪದ್ಧತಿ. ಮದುವೆ ಮುಗಿದ ಮೇಲೆ ಐವತ್ತು ಅರವತ್ತು ಹಿತ್ತಾಳೆ ತಂಬಿಗೆ ರಾಶಿ ಬಿದ್ದಿರುತ್ತವೆ. ಹೆಸರು ಕೆತ್ತಿಸುವ ರೂಢಿ ಆಗ ಇರಲಿಲ್ಲ. ಆ ರಾಶಿಯನ್ನು ತಿಕ್ಕಿ ತೊಳೆದು, ಯಾರದು ಯಾರಿಗೆ ಎಂದು ಬೇರ್ಪಡಿಸಲು ಕರೆಯುತ್ತಿದ್ದದ್ದು ಅವ್ವನನ್ನು. ಇವತ್ತಿಗೂ ಊರಿಗೆ ಹೋದರೆ, "ನಿನ್ನ ಕೈ ಇದ್ದಾಗ ಒಂದು ತಂಬಿಗಿ ಅದಲಿ ಬದಲಿ ಆಗಿಲ್ಲವಾ" ಎಂದು ಮುದುಕಿಯರು ನೆನೆಸುತ್ತಾರೆ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೆ. ಪ್ರತಿ ಸಲ ಕೇಳುವಾಗಲೂ ಮನಸ್ಸು ಬೇರೆ ಕಡೆ ಇರುತ್ತಿತ್ತು.

"ಹುಣಸಿಹಣ್ಣು ಹಚ್ಚಿ ತಿಕ್ಕಿದಾಕಿ ನಾನು," ಎಂದಳು ಅವ್ವ. "ಇದರ ಕಾಲಿಗೆ ಸಣ್ಣ ಗೀರು ಅದ, ಹೆಬ್ಬಟ್ಟಿಗೆ ಹತ್ತಿತ್ತು. ಇದು ಎರಡನೇದು. ಇದರ ತಲಿ ಮ್ಯಾಲೆ ಮಸಿ ಭಾಳ ಹಟ ಮಾಡಿತ್ತು, ನೋಡು, ಇನ್ನೂ ಕಂದು ಅದ, ಇದು ಐದನೇದು." ಒಂದೊಂದನ್ನೂ ಹೆಬ್ಬೆರಳು ಸವರಿ, ಬಿಸಿಲಿಗೆ ಹಿಡಿದು, ಸಾಲಿನಲ್ಲಿಡುತ್ತ ಹೋದಳು. ಎರಡರ ಬಗ್ಗೆ ಸ್ವಲ್ಪ ಯೋಚಿಸಿದಳು. ಕೈಯಲ್ಲಿ ತೂಗಿದಳು. ಅದಲು ಬದಲು ಮಾಡಿದಳು. "ಹ್ಞಾಂ, ಈಗ ಹಾಕು."

ಉಸ್ತಾದರಿಗೆ ನಂಬಿಕೆ ಬರಲಿಲ್ಲ. ನನಗೂ ಬರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ವಾಲ್ವುಗಳನ್ನು ಅವ್ವನ ಸಾಲಿನಂತೆ ಕೂಡಿಸಿ, ಸ್ಪ್ರಿಂಗು ಹಾಕಿ, ಉಸ್ತಾದರು ಪ್ರತಿಯೊಂದರ ತಲೆಯ ಸುತ್ತ ಒಂದೊಂದು ಚಮಚ ಸೀಮೆಎಣ್ಣೆ ಬಿಟ್ಟರು. ವಾಲ್ವು ತನ್ನ ತೂತಿನಲ್ಲಿ ಸರಿಯಾಗಿ ಕೂತಿದ್ದರೆ ಎಣ್ಣೆ ನಿಲ್ಲಬೇಕು. ಇಲ್ಲದಿದ್ದರೆ ಕೆಳಗೆ ಇಳಿಯಬೇಕು. ಮೂವರೂ ಬಗ್ಗಿ ನೋಡಿದೆವು. ಒಂದು ನಿಂತಿತು. ಎರಡು ನಿಂತಿತು. ಏಳರ ತನಕ ಎಲ್ಲ ನಿಂತವು. ಎಂಟನೆಯದು ಮೆಲ್ಲಗೆ ಇಳಿಯಿತು.

"ಇದೊಂದು ತಪ್ಪಿತವ್ವ," ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಸಂತೋಷವೂ ಇತ್ತೆಂದು ಈಗ ಅನ್ನಿಸುತ್ತದೆ.

ಉಸ್ತಾದರು ನನ್ನನ್ನೇ ನೋಡಿದರು. "ಏಳು ಸರಿ ಕೂತ ಮ್ಯಾಲೆ ಎಂಟನೇದು ಎಲ್ಲಿಗ್ಹೋಗ್ತದ ಬಾಯಾರ? ಜಾಗಾ ಅದರದೇ. ನಿಮ್ಮ ಕೆಲಸ ಕಚ್ಚಾ ಅದ."

ಅವ್ವ ಎದ್ದು ಸೀರೆ ಕೊಡವಿಕೊಂಡಳು. "ಅದು ನೀ ಕಾಲೇಜಿಗೆ ತಡಾ ಆಗ್ಯಾದ ಅಂತ ಅರ್ಧಾ ತಾಸಿನ್ಯಾಗ ಮುಗಿಸಿದ್ದು. ನನಗ ಅವತ್ತೇ ಅನಿಸಿತ್ತು."

ಎಂಟನೆಯದನ್ನು ಮತ್ತೆ ಅರೆದೆ. ಅವ್ವ ಎದುರಿಗೆ ನಿಂತು "ಇನ್ನೊಂಚೂರು, ಇನ್ನೊಂಚೂರು" ಎನ್ನುತ್ತಿದ್ದಳು. ಅವಳು "ಸಾಕು" ಅನ್ನುವ ತನಕ ಉಸ್ತಾದರೂ ಸಾಕೆನ್ನಲಿಲ್ಲ. ಮಧ್ಯಾಹ್ನದ ಊಟ ನಿಂತೇ ಆಯಿತು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಇಂಜಿನ್ನಿನ ತಲೆಯ ಮುಚ್ಚಳ ಕೂತಿತು, ಕಾರ್ಬುರೇಟರು ಕೂತಿತು. ಓಣಿಯ ಜನ ಬನ್ನಿಗೆ ಹೊರಟವರು ನಮ್ಮ ಗೇಟಿನ ಹತ್ತಿರ ನಿಂತರು. ಅಪ್ಪ ಜರಿಯಂಚಿನ ಧೋತ್ರ ಉಟ್ಟು, ಕೋಲು ಹಿಡಿದು, ಹೊರಡದೆ ನಿಂತಿದ್ದರು.

ಗೋಡೆ ಮತ್ತು ಮೂತಿಯ ನಡುವಿನ ಸಂದಿಯಲ್ಲಿ ಹ್ಯಾಂಡಲ್ ತಿರುಗಿಸಲು ಹಿಡಿಸುತ್ತಿದ್ದವಳು ನಾನೊಬ್ಬಳೇ. ತಿರುಗಿಸಿದೆ. ಒಂದು ಸಲ ಕೆಮ್ಮಿತು. ಮತ್ತೆ ತಿರುಗಿಸಿದೆ. ಸೀನಿತು. ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ ಇಡೀ ಗಾಡಿ ನಡುಗಿ, ಕರಿ ಹೊಗೆ ಕಾರಿ, ನಾಲ್ಕು ತಲೆಮಾರಿನ ಬೆಕ್ಕು ಹಿಂದಿನ ಸೀಟಿನಿಂದ ಗೋಡೆ ಹಾರಿ ಹೋಗಿ, ಇಂಜಿನ್ನು ಶುರುವಾಯಿತು. ಜನ ಕೇಕೆ ಹಾಕಿದರು.

"ಕುಂದ್ರಿ ಬಾಯಾರ, ನೀವೇ ಹೊಡೀರಿ," ಎಂದರು ಉಸ್ತಾದರು, ಬಾಗಿಲು ತೆಗೆದು ಹಿಡಿದು.

ಆಗ ನನಗೆ ಒಂದು ಸಂಗತಿ ಹೊಳೆಯಿತು. ನಾನು ಆ ಗಾಡಿಯ ಪ್ರತಿಯೊಂದು ನಟ್ಟನ್ನೂ ಬಲ್ಲೆ. ಗಾಡಿ ಓಡಿಸಲು ನನಗೆ ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಉಸ್ತಾದರ ಕಿವಿಯಲ್ಲಿ ಹೇಳಿದೆ. ಅವರು "ಯಾ ಅಲ್ಲಾ!" ಎಂದು ಕಾಲಿಡುವ ಹಲಗೆಯ ಮೇಲೆ ಹತ್ತಿ, ಕಿಟಕಿಯಿಂದ ಒಂದು ಕೈ ಸ್ಟಿಯರಿಂಗಿಗೆ ಹಾಕಿದರು. "ಕ್ಲಚ್ಚ ಒತ್ತರಿ. ಹಿಂದಕ್ಕ ಹಾಕ್ರಿ. ಮೆಲ್ಲಕ ಬಿಡ್ರಿ. ಮೆಲ್ಲಕ ಅಂದೆ!" ಅಜ್ಜ ಮೂತಿ ಗೋಡೆಗೆ ಮಾಡಿ ನಿಲ್ಲಿಸಿದ್ದರಿಂದ ನನ್ನ ಜೀವನದ ಮೊದಲ ಸವಾರಿ ಹಿಮ್ಮುಖವಾಗಿ ನಡೆಯಿತು. ಹಿಂದೆ ಅವ್ವ ಸೆರಗು ಸಿಕ್ಕಿಸಿ, ಬಸ್ಸಿನ ಕಂಡಕ್ಟರನ ಹಾಗೆ ಗಾಡಿಯ ಬೆನ್ನಿಗೆ ತಟ್ಟುತ್ತ, "ಬರ್ಲಿ, ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದಳು. "ಹೋಲ್ಡ್" ಎಂದು ಕೂಗಿ ನಿಲ್ಲಿಸುವುದು ಅವಳಿಗೆ ಗೊತ್ತಿರಲಿಲ್ಲ. ಗಾಡಿ ಗೇಟು ದಾಟುವಾಗ ಬಲಬದಿಯ ಮಡ್ಗಾರ್ಡು ಫರಸಿ ಕಲ್ಲಿನ ಸಾಲಿಗೆ ಬಡಿದು, ಮುಂದಿನ ಕಲ್ಲಿನ ಮೂಲೆ ಮುರಿದು ಬಿತ್ತು. ನಿಲ್ಲಲಿಲ್ಲ. ಓಣಿಗೆ ಬಂದು, ಎದುರಿನ ಬೇವಿನ ಮರದ ತನಕ ಹೋಗಿ, ಅಲ್ಲಿ ಒಮ್ಮೆ ಬಿಕ್ಕಿ ಆರಿತು. ನಾನು ಸ್ಟಿಯರಿಂಗ್ ಹಿಡಿದ ಕೈ ಬಿಡಲಿಲ್ಲ.

ಅಪ್ಪ ನಿಧಾನವಾಗಿ ಗೇಟು ದಾಟಿ ಬಂದರು. ಮುರಿದ ಕಲ್ಲನ್ನು ನೋಡಿದರು. ನನ್ನನ್ನು ನೋಡಿದರು. "ಹಿಂದ ಮುಂದಾಗಿ ದಾಟೀದಿ," ಎಂದರು.

"ದಾಟೂದಷ್ಟೇ ಮಾತಿತ್ತು. ಮಾರಿ ಎತ್ತಾಗ ಅಂತ ಯಾರೂ ಹೇಳಿರಲಿಲ್ಲ," ಎಂದಳು ಅವ್ವ.

ಅಪ್ಪ ಸೀಮೆಗೆ ಹೋಗಿ ಬಂದ ಮೇಲೆ, ಎಲ್ಲರಿಗಿಂತ ಮೊದಲು ಎರಡು ಎಲೆ ಬನ್ನಿ ತಂದು ಬಾನೆಟ್ಟಿನ ಮೇಲಿಟ್ಟು, "ಬಂಗಾರದಂಗ ಇರು" ಎಂದರು. ಗಾಡಿಗೆ ಹೇಳಿದರೋ ನನಗೆ ಹೇಳಿದರೋ ಸ್ಪಷ್ಟವಾಗಲಿಲ್ಲ. ನಾನು ಎಂದಿನಂತೆ ಕೇಳಲಿಲ್ಲ.

ಮರುವಾರ ಕಲ್ಲು ಹಾಸುವ ಗೌಂಡಿ ಬಂದ. ಗುಜರಿಯವನು ಬರಲಿಲ್ಲ. ಫರಸಿ ಕಲ್ಲುಗಳು ಗಾಡಿಯ ಕೆಳಗೆ ನೆಲವಾದವು. ಮೂಲೆ ಮುರಿದದ್ದನ್ನು ಮುಂದಿನ ಬಲಗಾಲಿಯ ಅಡಿಗೇ ಹಾಕಿಸಿದರು. ಮೇಲೆ ತಗಡಿನ ಮಾಡು ಬಂತು. ಓದುವ ಕೋಣೆಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ, ಯಾಕೆಂದರೆ ನಾನು ಉತ್ತರಪತ್ರಿಕೆಗಳನ್ನು ತಿದ್ದುವುದು ಈಗ ಗಾಡಿಯ ಹಿಂದಿನ ಸೀಟಿನಲ್ಲಿ, ಬೆಕ್ಕಿನ ಪಕ್ಕದಲ್ಲಿ. ಜಾಗ ನಿಜವಾಗಿಯೂ ತಣ್ಣಗಿದೆ. ಆದರೆ ಐದು ಪತ್ರಿಕೆ ಮುಗಿಯುವಷ್ಟರಲ್ಲಿ ನಾನು ಕೆಳಗಿಳಿದು ಬಾನೆಟ್ಟು ಎತ್ತಿರುತ್ತೇನೆ. ಗಾಡಿ ಈಗ ಎರಡನೆಯ ಏಟಿಗೇ ಶುರುವಾಗುತ್ತದೆ. ಅದರಲ್ಲಿ ಮಾಡುವುದಕ್ಕೆ ಏನೂ ಉಳಿದಿಲ್ಲ. ಇದಕ್ಕಿಂತ ಬೇಸರದ ಸಂಗತಿ ನನಗೆ ಇನ್ನೊಂದಿಲ್ಲ. ಓಡಿಸುವುದನ್ನು ಕಲಿಯಬಹುದಲ್ಲ ಎಂದು ನೀವು ಕೇಳಬಹುದು. ಉಸ್ತಾದರೂ ಕೇಳುತ್ತಾರೆ. ಓಡಿಸುವಾಗ ಕುಳಿತಿರಬೇಕಾಗುತ್ತದೆ ಎಂದು ಅವರಿಗೆ ಹೇಳಿಲ್ಲ.

ಮೊನ್ನೆ ಕಾಲೇಜಿನಿಂದ ಬಂದಾಗ ಅವ್ವ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಮರದ ಮುಚ್ಚಳ ತೆರೆದಿತ್ತು. ಬೀಗ ಪಕ್ಕದಲ್ಲಿತ್ತು. ನನ್ನ ಹೆಬ್ಬೆರಳು, ತೋರುಬೆರಳು ಆಗಲೇ ತಿರುಗತೊಡಗಿದ್ದವು. ಸೆರಗಿನಲ್ಲಿ ಮುಚ್ಚಿಕೊಂಡೆ.

"ನಾಕು ದಿನದಿಂದ ಕಟಕಟ ಅನ್ನಾಕತ್ತದ," ಎಂದಳು ಅವ್ವ. "ಬಿಚ್ಚಿ ನೋಡು."

ಹದಿನೇಳು ವರ್ಷ ಕಾದ ಮಾತು. ನಾನು ಸ್ಕ್ರೂ ಬಿಚ್ಚುವ ಪೇಚಕಸ್ ತರಲು ಓಡಿದೆ. ನೋಟುಬುಕ್ಕು, ದಾರ, ಚೀಟಿಗಳನ್ನೂ ತಂದೆ. ಅವ್ವ ಚೀಟಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಗೂಡಿನ ಮೇಲೆ ಎತ್ತಿಟ್ಟಳು. ಕುಂಕುಮದ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ನೀ ಬಿಚ್ಚು," ಎಂದಳು. "ನಾ ಬಟ್ಟು ಹಚ್ಚತೀನಿ. ನಾ ಹೇಳೂ ತನಕ ಒರಸಬ್ಯಾಡ."